ತಾಳೇಬಂದದಲ್ಲಿ ಬರೆದ ಬಾಕಿ, ಕೈಗೆ ಬಂದ ಹಣವಲ್ಲ

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮತ್ತೊಂದು ಹಂಗಾಮು ಶುರುವಾಗುತ್ತದೆ. ಅದು ವಾರ್ಷಿಕ ಸಭೆಗಳ ಹಂಗಾಮು. ಊರ ಸೊಸೈಟಿ, ಪೇಟೆಯ ಪತಸಂಸ್ಥೆ, ನಗರ ಸಹಕಾರಿ ಬ್ಯಾಂಕು, ಸಹಕಾರಿ ಸಕ್ಕರೆ ಕಾರ್ಖಾನೆ ಎಲ್ಲವೂ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಸೆಪ್ಟೆಂಬರ್ 30ರೊಳಗೆ ಸದಸ್ಯರ ಮುಂದೆ ಇಡಬೇಕು. ಅದಕ್ಕೆ ಮುಂಚೆ ‘ವಾರ್ಷಿಕ ಅಹವಾಲ’ ಎಂಬ ಪುಸ್ತಿಕೆ ಬರುತ್ತದೆ. ಹೆಚ್ಚಿನ ಸದಸ್ಯರು ಅದರಲ್ಲಿ ಹುಡುಕುವುದು ಒಂದೇ ಅಂಕಿ: ಈ ಸಲ ಲಾಭಾಂಶ ಶೇಕಡಾ ಎಷ್ಟು?

ಆದರೆ ಇಟ್ಟ ಹಣ ಸುರಕ್ಷಿತವಾಗಿದೆಯೇ ಎಂದು ಹೇಳುವ ಅಂಕಿ ಅದಲ್ಲ. ಅದು ಬೇರೆ ಪುಟದಲ್ಲಿರುತ್ತದೆ. ಸಂಸ್ಥೆಗೆ ಎಷ್ಟು ಬಾಕಿ ಬರಬೇಕು, ಅದರಲ್ಲಿ ನಿಜವಾಗಿ ಬರುವುದೆಷ್ಟು, ಬಾರದ ಬಾಕಿಗಾಗಿ ಎಷ್ಟು ಹಣ ಎತ್ತಿಟ್ಟಿದ್ದಾರೆ ಎಂಬ ಮೂರು ಅಂಕಿಗಳು ಸಂಸ್ಥೆಯ ಆರೋಗ್ಯವನ್ನು ತೋರಿಸುತ್ತವೆ. ಅವನ್ನು ಓದಲು ಲೆಕ್ಕಪರಿಶೋಧಕರೇ ಆಗಬೇಕೆಂದಿಲ್ಲ. ಕೂಡಿಸುವುದು, ಕಳೆಯುವುದು ಬಂದರೆ ಸಾಕು.

ಯೇಣೆ ಮತ್ತು ದೇಣೆ

1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಉದಗೀರ ಮತ್ತು ನಿಲಂಗಾ ಬೀದರ್ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಇಲ್ಲಿಯ ಜನ ಮನೆಯಲ್ಲಿ ಕನ್ನಡ ಮಾತಾಡಿದರೂ ಲೆಕ್ಕದ ಕಾಗದವನ್ನು ಮರಾಠಿಯಲ್ಲಿ ಓದುತ್ತಾರೆ. ಮರಾಠಿಯ ‘ತಾಳೇಬಂದ’ವೇ ಕನ್ನಡದ ಅಢಾವೆ ಪತ್ರಿಕೆ. ಅದಕ್ಕೆ ಎರಡು ಮಗ್ಗುಲು. ಸಂಸ್ಥೆ ಬೇರೆಯವರಿಗೆ ಕೊಡಬೇಕಾದದ್ದು ‘ದೇಣೆ’. ಬೇರೆಯವರಿಂದ ಸಂಸ್ಥೆಗೆ ಬರಬೇಕಾದದ್ದು ‘ಯೇಣೆ’. ಸದಸ್ಯರು ಇಟ್ಟ ಠೇವಣಿ ದೇಣೆಯ ಕಡೆಗೆ ಬರುತ್ತದೆ. ಸಂಸ್ಥೆ ಕೊಟ್ಟ ಸಾಲ ಯೇಣೆಯ ಕಡೆಗೆ ಬರುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ದೇಣೆ ಎಂಬುದು ಗಟ್ಟಿ. ಠೇವಣಿದಾರ ಬಂದು ಕೇಳಿದ ದಿನ ರೂಪಾಯಿಗೆ ರೂಪಾಯಿ ಎಣಿಸಿ ಕೊಡಲೇಬೇಕು. ಯೇಣೆ ಹಾಗಲ್ಲ. ಸಾಲಗಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಆದರೂ ತಾಳೇಬಂದದಲ್ಲಿ ಎರಡೂ ಒಂದೇ ತೂಕದ ಅಂಕಿಗಳಾಗಿ ಎದುರುಬದುರು ಕೂತಿರುತ್ತವೆ. ಯೇಣೆಯ ಅಂಕಿಯನ್ನು ನಿಜಕ್ಕೆ ಹತ್ತಿರ ತರಲೆಂದೇ ಲೆಕ್ಕಶಾಸ್ತ್ರ ಕೆಲವು ನಿಯಮ ಮಾಡಿದೆ.

ಸಾಲ ಯಾವಾಗ ಎನ್‌ಪಿಎ ಆಗುತ್ತದೆ?

ಸಾಮಾನ್ಯ ಸಾಲದ ಬಡ್ಡಿ ಅಥವಾ ಕಂತು 90 ದಿನ ಮೀರಿ ಬಾಕಿ ಉಳಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಆ ಸಾಲ ‘ಅನುತ್ಪಾದಕ’, ಅಂದರೆ ಎನ್‌ಪಿಎ. ಬೆಳೆ ಸಾಲಕ್ಕೆ ನಿಯಮ ಬೇರೆ. ಸೋಯಾ, ಹೆಸರು, ಉದ್ದು ಮುಂತಾದ ಅಲ್ಪಾವಧಿ ಬೆಳೆಗಳ ಸಾಲ ಎರಡು ಹಂಗಾಮು ಬಾಕಿಯಾದರೆ ಎನ್‌ಪಿಎ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊಲದಲ್ಲಿರುವ ದೀರ್ಘಾವಧಿ ಬೆಳೆಯಾದರೆ ಒಂದೇ ಹಂಗಾಮು.

ಎನ್‌ಪಿಎ ಆದ ಕೂಡಲೇ ಎರಡು ಬದಲಾವಣೆ ಆಗಬೇಕು. ಒಂದು, ಆ ಸಾಲದ ಬಡ್ಡಿ ಕೈಗೆ ಬಂದರೆ ಮಾತ್ರ ಆದಾಯವೆಂದು ಬರೆಯಬೇಕು. ‘ಬರಬೇಕಾಗಿದೆ’ ಎಂದು ಬರೆದುಕೊಂಡು ಲಾಭ ತೋರಿಸುವಂತಿಲ್ಲ. ಎರಡು, ಸಾಲದ ಅಸಲಿನಲ್ಲಿ ಒಂದು ಪಾಲು ಮುಳುಗಬಹುದು ಎಂದು ಲಾಭದಿಂದ ಹಣ ಎತ್ತಿಡಬೇಕು. ಹೀಗೆ ಎತ್ತಿಡುವುದಕ್ಕೇ ‘ತರತೂದ’ ಎನ್ನುತ್ತಾರೆ. ಅಹವಾಲದಲ್ಲಿ ಇದು ‘ಸಂಶಯಿತ ವ ಬುಡೀತ ಕರ್ಜ ನಿಧಿ’ ಎಂಬ ಹೆಸರಿನಲ್ಲಿ ಕಾಣುತ್ತದೆ.

ನಗರ ಸಹಕಾರಿ ಬ್ಯಾಂಕುಗಳಿಗೆ ದರ ಹೀಗಿದೆ. ಎನ್‌ಪಿಎ ಆಗಿ 12 ತಿಂಗಳವರೆಗಿನ ಸಾಲಕ್ಕೆ ಶೇಕಡಾ 10. ಅದನ್ನು ಮೀರಿದರೆ ‘ಸಂಶಯಿತ’ ಸಾಲ. ತಾರಣ ಇರುವ ಭಾಗಕ್ಕೆ ಮೊದಲ ವರ್ಷ ಶೇಕಡಾ 20, ಮುಂದಿನ ಎರಡು ವರ್ಷ ಶೇಕಡಾ 30, ಮೂರು ವರ್ಷ ಮೀರಿದರೆ ಪೂರ್ತಿ 100. ಸಂಶಯಿತ ಸಾಲದಲ್ಲಿ ತಾರಣವೇ ಇಲ್ಲದ ಭಾಗಕ್ಕೆ ಮೊದಲಿಂದಲೇ ಶೇಕಡಾ 100.

ತರತೂದ ಎಂದರೆ ತಿಜೋರಿಯಲ್ಲಿ ಬೇರೆ ಕಟ್ಟಿಟ್ಟ ನೋಟಿನ ಕಟ್ಟಲ್ಲ. ‘ಇಷ್ಟು ಹಣ ಬರುವ ಭರವಸೆ ಇಲ್ಲ, ಆದ್ದರಿಂದ ಇದನ್ನು ಲಾಭವೆಂದು ಹಂಚಬಾರದು’ ಎಂದು ಲೆಕ್ಕದಲ್ಲೇ ಹಾಕುವ ಬೇಲಿ ಅದು.

ಒಂದು ಸಣ್ಣ ಲೆಕ್ಕ

ಉದಾಹರಣೆಗೆ ಒಂದು ಪತಸಂಸ್ಥೆ ಇದೆ ಎಂದು ಭಾವಿಸೋಣ. ಇದು ಕಾಲ್ಪನಿಕ.

ಠೇವಣಿ: 9 ಕೋಟಿ ರೂ.
ಷೇರು ಬಂಡವಾಳ ಮತ್ತು ಹಳೆಯ ನಿಧಿಗಳು: 1 ಕೋಟಿ 20 ಲಕ್ಷ ರೂ.
ಕೊಟ್ಟ ಸಾಲ: 8 ಕೋಟಿ ರೂ.
ನಗದು ಮತ್ತು ಬೇರೆ ಬ್ಯಾಂಕಿನಲ್ಲಿಟ್ಟ ಹಣ: 2 ಕೋಟಿ 26 ಲಕ್ಷ ರೂ.
ಬರಬೇಕಾದ ಬಡ್ಡಿ: 18 ಲಕ್ಷ ರೂ.
ಅಹವಾಲದಲ್ಲಿ ತೋರಿಸಿದ ಈ ವರ್ಷದ ಲಾಭ: 24 ಲಕ್ಷ ರೂ.

ನೋಡಲು ಚೆನ್ನಾಗಿದೆ. ಲಾಭಾಂಶ ಹಂಚಬಹುದು ಎನಿಸುತ್ತದೆ. ಈಗ ಥಕಬಾಕಿಯ ಪುಟ ತೆರೆಯೋಣ. ಎಂಟು ಕೋಟಿ ಸಾಲದಲ್ಲಿ ಒಂದೂವರೆ ಕೋಟಿ ಎನ್‌ಪಿಎ. ಅದರಲ್ಲಿ 60 ಲಕ್ಷ ತಾರಣವಿಲ್ಲದ ಹಳೆಯ ಸಂಶಯಿತ ಸಾಲ. ಉಳಿದ 90 ಲಕ್ಷ ಈ ವರ್ಷ ನಿಂತದ್ದು. ಬರಬೇಕೆಂದು ಬರೆದುಕೊಂಡ 18 ಲಕ್ಷ ಬಡ್ಡಿಯೂ ಇದೇ ಸಾಲಗಾರರದ್ದು.

ಮೊದಲ ಹೆಜ್ಜೆ: ಬಾರದ ಬಡ್ಡಿಯನ್ನು ಲಾಭದಿಂದ ತೆಗೆಯಬೇಕು. 24ರಲ್ಲಿ 18 ಕಳೆದರೆ ಉಳಿಯುವುದು 6 ಲಕ್ಷ.

ಎರಡನೇ ಹೆಜ್ಜೆ: ಬ್ಯಾಂಕಿನ ದರವನ್ನೇ ಹಿಡಿದರೆ 60 ಲಕ್ಷಕ್ಕೆ ಪೂರ್ತಿ 60 ಲಕ್ಷ, 90 ಲಕ್ಷಕ್ಕೆ 9 ಲಕ್ಷ, ಒಟ್ಟು 69 ಲಕ್ಷ ತರತೂದ ಬೇಕು. 6 ಲಕ್ಷ ಲಾಭದಿಂದ 69 ಲಕ್ಷ ಕಳೆದರೆ 63 ಲಕ್ಷ ನಷ್ಟ.

ಮೂರನೇ ಹೆಜ್ಜೆ: ಈ ನಷ್ಟವನ್ನು ಸಂಸ್ಥೆಯ ಸ್ವಂತ ನಿಧಿ ಹೊರಬೇಕು. 1 ಕೋಟಿ 20 ಲಕ್ಷದಲ್ಲಿ ಉಳಿಯುವುದು 57 ಲಕ್ಷ. ಇಲ್ಲಿಯವರೆಗೆ ಠೇವಣಿದಾರರಿಗೆ ಧಕ್ಕೆ ಇಲ್ಲ. ಆದರೆ 90 ಲಕ್ಷದಲ್ಲಿ ತರತೂದ ಆಗದೇ ಉಳಿದ 81 ಲಕ್ಷವೂ ಮುಳುಗಿದರೆ? 57 ಲಕ್ಷದ ಗೋಡೆ ಬಿದ್ದು 24 ಲಕ್ಷ ಕಡಿಮೆ ಬೀಳುತ್ತದೆ. ಆ 24 ಲಕ್ಷ ಠೇವಣಿದಾರರ ಹಣ.

24 ಲಕ್ಷ ಲಾಭ ತೋರಿಸಿದ ಪುಸ್ತಕವೂ, 24 ಲಕ್ಷ ಠೇವಣಿ ಮುಳುಗುವ ಅಂಚಿನಲ್ಲಿರುವ ಪುಸ್ತಕವೂ ಒಂದೇ. ಸಾಲಗಾರರು ಅವರೇ, ಸಾಲವೂ ಅದೇ. ವ್ಯತ್ಯಾಸ ಇರುವುದು ತರತೂದದಲ್ಲಿ.

‘ನವೆ-ಜುನೆ’ ಮಾಡುವುದರ ಅರ್ಥ

ಮಾರ್ಚ್ ತಿಂಗಳಲ್ಲಿ ಗಡಿಭಾಗದ ಹಳ್ಳಿಗಳಲ್ಲಿ ‘ನವೆ-ಜುನೆ ಮಾಡಿಕೊಳ್ಳಿ’ ಎಂಬ ಮಾತು ಎಲ್ಲರಿಗೂ ಪರಿಚಿತ. ಹಳೆಯ ಸಾಲ ತೀರಿಸಿ ಅಂದೇ ಅಥವಾ ಕೆಲವೇ ದಿನದಲ್ಲಿ ಹೊಸ ಸಾಲ ಎತ್ತುವುದು ಇದರ ಕ್ರಮ. ಬೆಳೆ ಬಂದು, ಮಾರಿ, ಹಣ ಕಟ್ಟಿ ಮತ್ತೆ ಸಾಲ ಪಡೆದರೆ ಅದರಲ್ಲಿ ತಪ್ಪಿಲ್ಲ. ಆದರೆ ಕಟ್ಟಲು ಹಣವೇ ಇಲ್ಲದಾಗ ಹೊಸ ಸಾಲದಿಂದಲೇ ಹಳೆಯದನ್ನು ತೀರಿಸಿದಂತೆ ಬರೆದರೆ, ಪುಸ್ತಕದಲ್ಲಿ ಥಕಬಾಕಿ ಮಾಯವಾಗುತ್ತದೆ, ರೈತನ ತಲೆಯ ಮೇಲೆ ಬಡ್ಡಿ ಸೇರಿದ ಇನ್ನೂ ದೊಡ್ಡ ಸಾಲ ಕೂರುತ್ತದೆ.

ದೊಡ್ಡ ಸಾಲಗಾರರ ವಿಷಯದಲ್ಲಿ ಮರೆಮಾಚಿದರೆ ಬ್ಯಾಂಕೇ ಕುಸಿಯುತ್ತದೆ. ಮುಂಬೈಯ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಎಚ್‌ಡಿಐಎಲ್ ಎಂಬ ಕಟ್ಟಡ ಕಂಪನಿಯ ಬಳಗಕ್ಕೆ ಕೊಟ್ಟ ಭಾರಿ ಸಾಲ ನಿಂತು ಹೋಗಿದ್ದನ್ನು ಸಾವಿರಾರು ನಕಲಿ ಖಾತೆಗಳ ಹಿಂದೆ ಬಚ್ಚಿಟ್ಟಿದ್ದು ಬೆಳಕಿಗೆ ಬಂತು. ಠೇವಣಿದಾರರಿಗೆ ಮೊದಲು ಸಿಕ್ಕಿದ್ದು ಒಂದು ಸಾವಿರ ರೂಪಾಯಿ ತೆಗೆಯುವ ಅವಕಾಶ ಮಾತ್ರ. ಮರುವರ್ಷ 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂತು. ಅಲ್ಲಿ ಮಿತಿ 35 ಸಾವಿರ ರೂಪಾಯಿ.

ತೇರಣಾ ಹೇಳುವ ಪಾಠ

ಇಷ್ಟು ದೂರ ಹೋಗಬೇಕಿಲ್ಲ. ಉಸ್ಮಾನಾಬಾದ್, ಅಂದರೆ 2023ರಿಂದ ಧಾರಾಶಿವ ಎನಿಸಿದ ಜಿಲ್ಲೆಯ ಮಧ್ಯವರ್ತಿ ಸಹಕಾರಿ ಬ್ಯಾಂಕಿನ ಕಥೆ ಉಮರ್ಗಾ ತಾಲೂಕಿನವರಿಗೆ ಗೊತ್ತಿದ್ದದ್ದೇ. ಢೋಕಿಯ ತೇರಣಾ ಮತ್ತು ನಳದುರ್ಗದ ತುಳಜಾಭವಾನಿ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಬ್ಯಾಂಕು ದೊಡ್ಡ ಸಾಲ ಕೊಟ್ಟಿತ್ತು. ಕಾರ್ಖಾನೆಗಳು ನಿಂತವು, ಸಾಲವೂ ನಿಂತಿತು. ಬ್ಯಾಂಕು ಕಡೆಗೆ ತೇರಣಾ ಕಾರ್ಖಾನೆಯನ್ನು ವಶಕ್ಕೆ ಪಡೆದು, ಗುತ್ತಿಗೆಗೆ ಕೊಟ್ಟು ಸಾಲ ವಸೂಲು ಮಾಡುವ ದಾರಿ ಹಿಡಿಯಿತು. ಆ ಗುತ್ತಿಗೆಯ ಟೆಂಡರ್ ವಿಷಯವೂ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಜಿಲ್ಲೆಯ ಸಾವಿರಾರು ಸಣ್ಣ ಠೇವಣಿ ಸೇರಿಸಿ ಎರಡು ದೊಡ್ಡ ಸಾಲ ಕೊಟ್ಟರೆ ಆಗುವುದೇ ಇದು. ನೂರು ರೈತರ ಬೆಳೆ ಸಾಲದಲ್ಲಿ ಹತ್ತು ಮುಳುಗಿದರೆ ಬ್ಯಾಂಕು ತಡೆದುಕೊಳ್ಳುತ್ತದೆ. ಒಬ್ಬನೇ ದೊಡ್ಡ ಸಾಲಗಾರ ಮುಳುಗಿದರೆ ಜೊತೆಗೆ ಬ್ಯಾಂಕನ್ನೂ ಎಳೆದುಕೊಂಡು ಹೋಗುತ್ತಾನೆ.

‘ತಾರಣ ಇದೆಯಲ್ಲ, ಕಾರ್ಖಾನೆಯೇ ಇದೆಯಲ್ಲ’ ಎಂದು ಕೇಳಬಹುದು. ಇಲ್ಲಿಯೇ ಆಸ್ತಿಯ ಮೌಲ್ಯ ಕುಸಿತದ ಲೆಕ್ಕ ಬರುತ್ತದೆ. ಪುಸ್ತಕದಲ್ಲಿ ಯಂತ್ರಗಳ ಬೆಲೆ 40 ಕೋಟಿ ಎಂದಿರಲಿ. ಐದು ವರ್ಷ ಗಾಣ ತಿರುಗಿಲ್ಲ, ಕಬ್ಬಿಣ ತುಕ್ಕು ಹಿಡಿದಿದೆ. ಇಂದು ಮಾರಿದರೆ 15 ಕೋಟಿ ಬರುತ್ತದೆ. ಗುತ್ತಿಗೆಗೆ ಕೊಟ್ಟು ನಡೆಸಿದರೆ ಮುಂದೆ ಬರುವ ಹಣದ ಇಂದಿನ ಬೆಲೆ 18 ಕೋಟಿ. ಲೆಕ್ಕದ ನಿಯಮ ಹೇಳುವುದೇನೆಂದರೆ, ಈ ಎರಡರಲ್ಲಿ ದೊಡ್ಡದನ್ನು ಹಿಡಿಯಿರಿ, ಪುಸ್ತಕದ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಇಳಿಸಿರಿ. ಅಂದರೆ 18 ಕೋಟಿ ಉಳಿಸಿ 22 ಕೋಟಿ ನಷ್ಟ ಎಂದು ಬರೆಯಬೇಕು. ಕಂಪನಿಗಳಿಗೆ ಇದು ಕಡ್ಡಾಯ.

ಆಸ್ತಿಯ ಬೆಲೆ ಪುಸ್ತಕದಲ್ಲಿ ಇದ್ದಂತೆ ನೆಲದ ಮೇಲೆ ಇರುವುದಿಲ್ಲ ಎಂಬುದನ್ನು ಈ ಭಾಗಕ್ಕೆ ಯಾರೂ ಕಲಿಸಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ಔಸಾ, ಉಮರ್ಗಾ ತಾಲೂಕುಗಳ ಕಲ್ಲು-ಮಣ್ಣಿನ ಮನೆಗಳು ಕ್ಷಣದಲ್ಲಿ ಕಲ್ಲಿನ ರಾಶಿಯಾದವು. ಭೂಕಂಪ ಕಣ್ಣಿಗೆ ಕಂಡಿತು. ನಿಂತ ಕಾರ್ಖಾನೆಯ ಬೆಲೆ ಕುಸಿಯುವುದು ಸದ್ದಿಲ್ಲದೆ. ಅದನ್ನು ಕಾಣಿಸಬೇಕಾದದ್ದು ಲೆಕ್ಕದ ಪುಸ್ತಕವೇ.

ಇನ್ನೂ ಒಂದು ಮಾತು. ಜಪ್ತಿಯಾದ ಆಸ್ತಿ ಪೂರ್ತಿ ಬ್ಯಾಂಕಿಗೇ ಸಿಗುತ್ತದೆ ಎಂದಿಲ್ಲ. ಕಾರ್ಮಿಕರ ಭವಿಷ್ಯ ನಿಧಿಯ ಬಾಕಿಗೆ ಕಾನೂನಿನಲ್ಲಿ ಮೊದಲ ಹಕ್ಕು ಇದೆ. ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನು ಎತ್ತಿ ಹಿಡಿದಿದೆ.

ಕಬ್ಬು ಕಳಿಸಿದ ರೈತನದೂ ಯೇಣೆ

ಕಾರ್ಖಾನೆಗೆ ಕಬ್ಬು ಕಳಿಸಿ ಬಿಲ್ಲಿಗೆ ಕಾಯುವ ರೈತ ಕೂಡ ಸಾಲ ಕೊಟ್ಟವನೇ. ಅವನ ಯೇಣೆ ಕಾರ್ಖಾನೆಯ ತಾಳೇಬಂದದಲ್ಲಿ ದೇಣೆಯಾಗಿ ಕೂತಿರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂ. ಎಫ್‌ಆರ್‌ಪಿ ನಿಗದಿ ಮಾಡಿತ್ತು.

ಕಟಾವು, ಸಾಗಾಟ ಕಳೆದು ಒಂದು ಲಕ್ಷ ರೂ. ಬರಬೇಕಿದ್ದ ರೈತನಿಗೆ ಆರು ತಿಂಗಳು ತಡವಾದರೆ ಕಾನೂನಿನ ಬಡ್ಡಿಯೇ 7,500 ರೂ. ಆಗುತ್ತದೆ. ಇದನ್ನು ಕೇಳದೇ ಬಿಟ್ಟರೆ ಅಷ್ಟು ಹಣವನ್ನು ಕಾರ್ಖಾನೆಗೆ ಪುಕ್ಕಟೆ ಕೊಟ್ಟಂತೆ. ಹಣ ಕೊಡದ ಕಾರ್ಖಾನೆಯ ವಿರುದ್ಧ ಪುಣೆಯ ಸಕ್ಕರೆ ಆಯುಕ್ತರು ವಸೂಲಿ ಪ್ರಮಾಣಪತ್ರ ಹೊರಡಿಸಬಹುದು. ಆಗ ಜಿಲ್ಲಾಧಿಕಾರಿ ಕಂದಾಯ ಬಾಕಿಯಂತೆ ವಸೂಲು ಮಾಡುತ್ತಾರೆ. ಅದಕ್ಕೆ ತೂಕದ ಚೀಟಿ ಮತ್ತು ಬಿಲ್ಲು ರೈತನ ಕೈಯಲ್ಲಿರಬೇಕು.

ಅಂಗಡಿ, ದಾಲ್ ಮಿಲ್, ಕಂಪನಿ

ಉದ್ರಿ ಕೊಡುವ ಎಲ್ಲರಿಗೂ ಇದೇ ಲೆಕ್ಕ. ಉದಗೀರದ ದಾಲ್ ಮಿಲ್ಲಿನವರು ಹೈದರಾಬಾದಿನ ವ್ಯಾಪಾರಿಗೆ ಬೇಳೆ ಕಳಿಸಿದ ದಿನವೇ ಪುಸ್ತಕದಲ್ಲಿ ಮಾರಾಟ, ಲಾಭ ಎರಡೂ ಬರೆದಾಗುತ್ತದೆ. ಹಣ ಬರುವುದು ಯಾವಾಗಲೋ. ಲಾಭ ಇದ್ದೂ ಕೂಲಿ ಕೊಡಲು ಗಲ್ಲಾದಲ್ಲಿ ಹಣವಿಲ್ಲ ಎಂಬ ಸ್ಥಿತಿ ಬರುವುದು ಹೀಗೆ.

ಉದ್ರಿಯ ವಯಸ್ಸು ನೋಡುವುದು ಇದಕ್ಕೆ ಮದ್ದು. 2021ರ ಏಪ್ರಿಲ್ 1ರಿಂದ ಕಂಪನಿಗಳು ಬರಬೇಕಾದ ಬಾಕಿಯನ್ನು ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ಮೀರಿದ್ದು ಎಂದು ವಿಂಗಡಿಸಿ ತೋರಿಸಲೇಬೇಕು. ದೊಡ್ಡ ಕಂಪನಿಗಳು ಬಾಕಿ ಮುಳುಗುವವರೆಗೆ ಕಾಯದೆ, ಹಿಂದಿನ ಅನುಭವ ನೋಡಿ ಮುಂಚೆಯೇ ನಷ್ಟ ಅಂದಾಜಿಸಿ ಬರೆಯಬೇಕು. ಕಿರಾಣಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ಉದ್ರಿ ವಹಿಯನ್ನು ಇದೇ ರೀತಿ ಐದು ಕಾಲಂ ಮಾಡಿ ನೋಡಿದರೆ ಯಾರ ಬಾಕಿ ಹಳಸುತ್ತಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ರೈಟ್ ಆಫ್ ಬೇರೆ, ಮಾಫಿ ಬೇರೆ

‘ದೊಡ್ಡವರ ಸಾಲ ರೈಟ್ ಆಫ್ ಮಾಡುತ್ತಾರೆ, ನಮ್ಮದು ಮಾಡುವುದಿಲ್ಲ’ ಎಂಬ ದೂರು ಕಟ್ಟೆಯ ಮೇಲೆ ಯಾವಾಗಲೂ ಇರುತ್ತದೆ. ರೈಟ್ ಆಫ್ ಎಂದರೆ ಪೂರ್ತಿ ತರತೂದ ಆದ ಹಳೆಯ ಸಾಲವನ್ನು ತಾಳೇಬಂದದಿಂದ ತೆಗೆಯುವುದು. ಸಾಲಗಾರನ ಋಣ ಅದರಿಂದ ತೀರುವುದಿಲ್ಲ, ವಸೂಲಿ ನಡೆದೇ ಇರುತ್ತದೆ. ಮಾಫಿ ಎಂದರೆ ಋಣವೇ ಹರಿಯುವುದು. 2008ರ ಕೇಂದ್ರದ ಯೋಜನೆ, ಮಹಾರಾಷ್ಟ್ರದ 2017ರ ಮತ್ತು 2019ರ ಕರ್ಜಮಾಫಿ ಯೋಜನೆಗಳಲ್ಲಿ ರೈತನ ಬದಲು ಸರ್ಕಾರ ಬ್ಯಾಂಕಿಗೆ ಹಣ ಕೊಟ್ಟಿತು.

ಹಾಗೆಂದು ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ರೈಟ್ ಆಫ್ ಆದ ಮೇಲೆ ವಸೂಲಾಗಿದ್ದೆಷ್ಟು ಎಂದು ಯಾರೂ ಕೇಳದಿದ್ದರೆ ಅದು ಮಾಫಿಯಷ್ಟೇ ಆಗಿ ಹೋಗುತ್ತದೆ. ವಾರ್ಷಿಕ ಸಭೆಯಲ್ಲಿ ಆ ಪ್ರಶ್ನೆ ಕೇಳುವುದು ಸದಸ್ಯರ ಹಕ್ಕು.

ವಿಮೆ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ

ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿ 4ಕ್ಕೆ ಮೊದಲು ಇದು ಒಂದೇ ಲಕ್ಷ ಇತ್ತು. ರಾಷ್ಟ್ರೀಕೃತ ಬ್ಯಾಂಕು, ಜಿಲ್ಲಾ ಮಧ್ಯವರ್ತಿ ಬ್ಯಾಂಕು, ನಗರ ಸಹಕಾರಿ ಬ್ಯಾಂಕು ಇದರಲ್ಲಿ ಬರುತ್ತವೆ. ಪತಸಂಸ್ಥೆ, ಊರ ಸೊಸೈಟಿ, ಮಲ್ಟಿಸ್ಟೇಟ್ ಕ್ರೆಡಿಟ್ ಸೊಸೈಟಿ ಇದರಲ್ಲಿ ಬರುವುದಿಲ್ಲ. ಬೋರ್ಡು ಎಷ್ಟೇ ದೊಡ್ಡದಿರಲಿ, ಬಡ್ಡಿ ಎಷ್ಟೇ ಹೆಚ್ಚಿರಲಿ, ಅಲ್ಲಿ ಠೇವಣಿದಾರನಿಗೆ ಇರುವ ರಕ್ಷಣೆ ಸಂಸ್ಥೆಯ ಸ್ವಂತ ನಿಧಿ ಮತ್ತು ತರತೂದ ಇವೆರಡೇ. ಗಡಿಯಲ್ಲಿ ಇದು ಮುಖ್ಯ. ಭಾಲ್ಕಿ, ಬಸವಕಲ್ಯಾಣದಲ್ಲಿ ಒಂದು ಖಾತೆ, ಉದಗೀರ, ಉಮರ್ಗಾದಲ್ಲಿ ಇನ್ನೊಂದು ಖಾತೆ ಇಟ್ಟುಕೊಂಡವರು ಯಾವುದು ಬ್ಯಾಂಕು, ಯಾವುದು ಬ್ಯಾಂಕಲ್ಲ ಎಂದು ಮೊದಲು ತಿಳಿದುಕೊಳ್ಳಬೇಕು.

ಅಹವಾಲ ಕೈಗೆ ಬಂದಾಗ

ಸಭೆಗೆ ಹೋಗುವ ಮುನ್ನ ಪೆನ್ಸಿಲು ಹಿಡಿದು ಐದು ಅಂಕಿ ಗುರುತು ಮಾಡಿಕೊಂಡರೆ ಸಾಕು.

1. ಒಟ್ಟು ಸಾಲದಲ್ಲಿ ಎನ್‌ಪಿಎ ಶೇಕಡಾ ಎಷ್ಟು? ಹಿಂದಿನ ವರ್ಷಕ್ಕಿಂತ ಏರಿದೆಯೇ?

2. ಎನ್‌ಪಿಎ ಎದುರು ಇರುವ ತರತೂದ ಎಷ್ಟು? ಎನ್‌ಪಿಎ ಏರಿ ತರತೂದ ಇದ್ದಲ್ಲೇ ಇದ್ದರೆ ತೋರಿಸಿದ ಲಾಭವನ್ನು ನಂಬುವಂತಿಲ್ಲ.

3. ‘ಯೇಣೆ ವ್ಯಾಜ’, ಅಂದರೆ ಬರಬೇಕಾದ ಬಡ್ಡಿ ಎಷ್ಟು? ಅದು ಈ ವರ್ಷದ ಲಾಭಕ್ಕಿಂತ ದೊಡ್ಡದಿದ್ದರೆ ಕಾರಣ ಕೇಳಬೇಕು.

4. ಹತ್ತು ದೊಡ್ಡ ಸಾಲಗಾರರ ಕೈಯಲ್ಲಿ ಎಷ್ಟು ಸಾಲವಿದೆ? ಸಂಚಾಲಕರಿಗೆ ಮತ್ತು ಅವರ ಸಂಬಂಧಿಕರಿಗೆ ಕೊಟ್ಟದ್ದೆಷ್ಟು?

5. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತರತೂದ ಕಡಿಮೆ ಇದೆ ಎಂದು ಬರೆದಿದ್ದಾರೆಯೇ? ಆ ಸಾಲು ಪುಸ್ತಿಕೆಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರಬಹುದು.

ಪುಸ್ತಿಕೆ ಸಿಗದಿದ್ದರೆ ಸಂಸ್ಥೆಯ ಕಚೇರಿಗೆ ಹೋಗಿ ಕಳೆದ ಆಡಿಟ್ ಆದ ತಾಳೇಬಂದವನ್ನು ಪುಕ್ಕಟೆ ನೋಡುವ ಹಕ್ಕನ್ನು 1960ರ ಮಹಾರಾಷ್ಟ್ರ ಸಹಕಾರಿ ಕಾಯ್ದೆಯ 32ನೇ ಕಲಮು ಪ್ರತಿ ಸದಸ್ಯನಿಗೂ ಕೊಟ್ಟಿದೆ.

ತರತೂದ ಹೆಚ್ಚು ಮಾಡಿ ಲಾಭಾಂಶ ಕಡಿಮೆ ಕೊಟ್ಟ ಸಂಚಾಲಕ ಮಂಡಳಿಯ ಮೇಲೆ ಸಭೆಯಲ್ಲಿ ಕೂಗಾಡುವವರು ಇರುತ್ತಾರೆ. ಶೇಕಡಾ 10 ಲಾಭಾಂಶ ಸಿಕ್ಕರೆ ಸಾವಿರ ರೂಪಾಯಿಯ ಷೇರಿಗೆ ಬರುವುದು ನೂರು ರೂಪಾಯಿ. ಅದೇ ಸದಸ್ಯ ಮಗಳ ಮದುವೆಗೆಂದು ಇಟ್ಟ ಠೇವಣಿ ಲಕ್ಷಗಳಲ್ಲಿರುತ್ತದೆ. ಈ ಎರಡರಲ್ಲಿ ಯಾವುದನ್ನು ಕಾಯಬೇಕು ಎಂದು ಸಭೆಯಲ್ಲಿ ಕೈ ಎತ್ತುವ ಮೊದಲು ಯೋಚಿಸುವುದು ಒಳ್ಳೆಯದು.